ಗೇಟಿನೊಳಗಿನ ಕೊನೆಯ ಎರಡು ಅಡಿ

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ತೂಕ 195 ಕೆ.ಜಿ. ನೆಟ್ಟಗಿದ್ದರೆ ಭಾರವೇ ಗೊತ್ತಾಗಲ್ಲ. ಸ್ವಲ್ಪ ಜಾಸ್ತಿ ವಾಲಿತೋ, ಎರಡು ತೋಳಿಗೂ ಜಗ್ಗಲ್ಲ. ಹೈವೇಲಿ ಇರೋ ಎಚ್ಚರ ಮನೆ ಗೇಟು ಕಂಡ ಕೂಡಲೇ ಸಡಿಲಾಗುತ್ತೆ, ಅದೇ ತಮಾಷೆ. ಒಳಗೆ ತಿರುಗಿಸುವಾಗ ಹ್ಯಾಂಡಲ್ ಓರೆಯಾಗಿರುತ್ತಲ್ಲ, ಆಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುವಿನ ಕಡೆಗೇ ಮಗುಚುತ್ತೆ. ಕೊನೆಗೆ ಹಿಂದಿನ ಬ್ರೇಕೇ ಸಾಕು. ಹ್ಯಾಂಡಲ್ ನೇರ ಮಾಡಿಯೇ ನಿಲ್ಲಿಸಿ. ಇಳಿದು ತಳ್ಳೋದಾದರೆ ಎಡಗಡೆ ನಿಂತು, ಸೀಟನ್ನು ಸೊಂಟಕ್ಕೆ ಒರಗಿಸಿಕೊಳ್ಳಿ. ಇಳಿಜಾರಲ್ಲಿ ನಿಲ್ಲಿಸೋದಾದರೆ ಗಾಡಿಯ ಮೂತಿ ಮೇಲಕ್ಕೆ, ಫಸ್ಟ್ ಗೇರ್. ಸೈಡ್ ಸ್ಟ್ಯಾಂಡ್ ಪೂರ್ತಿ ಮುಂದಕ್ಕೆ ಬಂದಿರಬೇಕು. ಮಳೆಗಾಲದ ಮಣ್ಣಂಗಳದಲ್ಲಿ ಅದರ ಪಾದದಡಿ ಒಂದು ಕಡಪಾ ಕಲ್ಲಿನ ಚೂರು ಇಡಿ, ಇಲ್ಲದಿದ್ದರೆ ರಾತ್ರಿಯಿಡೀ ಇಳಿಯುತ್ತಾ ಹೋಗುತ್ತೆ. ಕೈಮೀರಿ ವಾಲಿದರೆ ಮಾತ್ರ ಹಿಡಿಯೋಕೆ ಹೋಗದೆ, ಕಾಲು ಪಕ್ಕಕ್ಕೆ ತೆಗೆದು ಬಿಟ್ಟುಬಿಡಿ. ಹೋದರೆ ಒಂದು ಕ್ಲಚ್ ಲಿವರ್ ಹೋಗಬಹುದು.