23 ಹಳೇ ಲ್ಯಾಪ್‌ಟಾಪ್, 7 ಚಾರ್ಜರ್: ಹದಿನಾಲ್ಕು ವಾರಗಳ ಕೆಲಸ

ಮೊದಲ ವಾರ

ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಕೊಡುವ ಚಿಕ್ಕ ಸಂಸ್ಥೆಯೊಂದಿದೆ. ಅಲ್ಲಿಗೆ ಯಾರ್ಯಾರೋ ಕೊಟ್ಟ ಲ್ಯಾಪ್‌ಟಾಪ್‌ಗಳು ಬಂದು ಕೂತಿವೆ, ಒಂದ್ಸಲ ನೋಡ್ತೀಯಾ ಅಂತ ಗೆಳೆಯ ಕೇಳಿದ. ಹೋದೆ. ಮೂಲೆಯಲ್ಲಿ ನಾಲ್ಕು ರಟ್ಟಿನ ಪೆಟ್ಟಿಗೆ. ಎಣಿಸಿದರೆ 23 ಲ್ಯಾಪ್‌ಟಾಪ್. ಚಾರ್ಜರ್ ಮಾತ್ರ 7. ಕೊಟ್ಟವರೆಲ್ಲ ಒಳ್ಳೆ ಮನಸ್ಸಿನಿಂದಲೇ ಕೊಟ್ಟಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಪೆಟ್ಟಿಗೆ ಬಂದು ಏಳು ತಿಂಗಳಾದರೂ ಒಂದು ಮಗುವೂ ಒಂದು ಕೀಲಿ ಒತ್ತಿರಲಿಲ್ಲ.

ಇಷ್ಟೊಂದು ಒಟ್ಟಿಗೆ ಯಾಕೆ ಬಂದವು ಅನ್ನುವುದು ತೆರೆದು ನೋಡಿದಾಗ ಗೊತ್ತಾಯಿತು. ವಿಂಡೋಸ್ 10ರ ಮಾಮೂಲಿ ಬೆಂಬಲ, ಅಂದರೆ ಭದ್ರತಾ ಅಪ್‌ಡೇಟ್ ಕೊಡುವುದು, 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಕೂಡ ಮೈಕ್ರೋಸಾಫ್ಟ್‌ನವರ ಪಟ್ಟಿಯಲ್ಲಿರಬೇಕು. ಹಾಗಾಗಿ ಚೆನ್ನಾಗಿ ಓಡುವ ಎಷ್ಟೋ ಯಂತ್ರಗಳು ಒಂದೇ ದಿನದಲ್ಲಿ 'ಹಳೇದು' ಆಗಿಬಿಟ್ಟವು.

ಎರಡನೇ ವಾರ

ಯಾವ ಸ್ಕ್ರೂ ಮುಟ್ಟುವ ಮೊದಲು, ನಿಮಗೆ ನಿಜವಾಗಿ ಏನು ಬೇಕು ಅಂತ ಸಂಸ್ಥೆ ನೋಡಿಕೊಳ್ಳುವ ಮೇಡಂ ಅವರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಇಪ್ಪತ್ಮೂರು ಬೇಡ ಸರ್. ಹದಿನೈದು ಸಾಕು. ಆದ್ರೆ ಎಲ್ಲದರಲ್ಲೂ ಒಂದೇ ಥರ ಕಾಣಬೇಕು, ಒಂದರಲ್ಲಿ ಕಲಿತರೆ ಇನ್ನೊಂದರಲ್ಲೂ ಬರೋ ಹಾಗೆ. ಮತ್ತೆ, ಬರ್ತೀನಿ ಅಂದ ದಿನ ಬರೋರು ಒಬ್ಬರು ಬೇಕು."

ಕೊನೆಯ ಮಾತು ನನಗೆ ನಾಟಿತು. ಹುಮ್ಮಸ್ಸಿನಿಂದ ಬಂದು ಎರಡೇ ವಾರಕ್ಕೆ ನಿಲ್ಲಿಸಿದವರು ಅವರಿಗೆ ಎಷ್ಟು ಜನ ಸಿಕ್ಕಿದ್ದರೋ. ಪ್ರತಿ ಶನಿವಾರ ಎರಡು ಗಂಟೆ ಬರುತ್ತೇನೆ ಎಂದೆ. ಬಾರದ ವಾರ ಗುರುವಾರದೊಳಗೆ ತಿಳಿಸುತ್ತೇನೆ ಎಂದೂ ಹೇಳಿದೆ. ಅವರು ಅದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಬರೆದುಕೊಂಡರು.

ಅವತ್ತೇ ಮೂರು ಗುಂಪು ಮಾಡಿದೆ. ಸ್ವಲ್ಪ ಕೈಯಾಡಿಸಿದರೆ ಸಾಕು ಅನ್ನುವಂಥವು 9. ಬಿಡಿಭಾಗ ಬೇಕಾದವು 8. ಉಳಿದ 6 ಬಿಚ್ಚಿ ಬೇರೆಯವಕ್ಕೆ ಹಾಕೋಕೆ.

ಮೂರು, ನಾಲ್ಕನೇ ವಾರ

ಎರಡು ವಾರ ಪೂರ್ತಿ ಅಳಿಸುವುದರಲ್ಲೇ ಹೋಯಿತು. ಇದನ್ನು ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಕೊಡುವವರೂ ತೆಗೆದುಕೊಳ್ಳುವವರೂ ಮರೆಯುವ ಕೆಲಸ ಇದು.

ಮೊದಲ ಯಂತ್ರ ಆನ್ ಮಾಡಿದ ಕೂಡಲೇ ಪರದೆ ತುಂಬ ಯಾರದೋ ಮಗುವಿನ ಫೋಟೋ. ಪಾಸ್‌ವರ್ಡ್ ಇರಲಿಲ್ಲ. ಪಕ್ಕದಲ್ಲೇ ಸ್ಕ್ಯಾನ್ ಮಾಡಿಟ್ಟ ಗುರುತಿನ ಚೀಟಿಯ ಫೈಲ್. ಅಲ್ಲಿಗೇ ಆಫ್ ಮಾಡಿದೆ. ಆಮೇಲೆ ಯಾವುದನ್ನೂ ಅದರ ಡಿಸ್ಕ್‌ನಿಂದ ಶುರು ಮಾಡಲಿಲ್ಲ, ಎಲ್ಲವನ್ನೂ ಪೆನ್‌ಡ್ರೈವ್‌ನಿಂದಲೇ ಶುರು ಮಾಡಿದೆ.

ಫೈಲ್ ಡಿಲೀಟ್ ಮಾಡಿದರೆ ಹೋಗುವುದು ಅದರ ವಿಳಾಸ ಮಾತ್ರ, ಒಳಗಿನ ಮಾಹಿತಿ ಹಾಗೇ ಇರುತ್ತದೆ. ಹಳೇ ಥರದ ತಿರುಗುವ ಹಾರ್ಡ್ ಡಿಸ್ಕ್ ಆದರೆ ಮೊದಲಿನಿಂದ ಕೊನೆತನಕ ಒಮ್ಮೆ ಸೊನ್ನೆ ಬರೆದರೆ ಸಾಕು. 500 ಜಿಬಿ ಡಿಸ್ಕ್‌ಗೆ ಸೆಕೆಂಡಿಗೆ 100 ಎಂಬಿ ಲೆಕ್ಕದಲ್ಲಿ ಒಂದೂವರೆ ಗಂಟೆ ಹತ್ತಿರ ಹಿಡಿಯುತ್ತದೆ. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಮಾಹಿತಿ ಇಡುವ ಎಸ್‌ಎಸ್‌ಡಿಗೆ ಇದು ನಡೆಯುವುದಿಲ್ಲ. ಒಂದೇ ಜಾಗ ಬೇಗ ಸವೆಯದಿರಲಿ ಅಂತ ಅದು ಬರೆಯುವ ಜಾಗವನ್ನು ತಾನೇ ಬದಲಿಸುತ್ತಾ ಇರುತ್ತದೆ. ನಾವು ಮೇಲೆ ಬರೆದೆವು ಅಂದುಕೊಂಡರೂ ಹಳೆಯದು ಯಾವುದೋ ಮೂಲೆಯಲ್ಲಿ ಉಳಿದಿರಬಹುದು. ಅದಕ್ಕೆ ಎಸ್‌ಎಸ್‌ಡಿಯೊಳಗೇ ಇರುವ 'ಸೆಕ್ಯೂರ್ ಇರೇಸ್' ಆದೇಶ ಕೊಡಬೇಕು.

ಪ್ರತಿಯೊಂದಕ್ಕೂ ನಂಬರ್ ಚೀಟಿ ಅಂಟಿಸಿ, ಅಳಿಸಿದ ತಾರೀಖು ಬರೆದೆ. ಅದರ ಒಂದು ಪ್ರತಿ ಮೇಡಂ ಹತ್ತಿರ ಇದೆ. ಕೊಟ್ಟವರು ಯಾರಾದರೂ ಕೇಳಿದರೆ ತೋರಿಸಬಹುದು.

ಐದನೇ ವಾರ

ನಾಲ್ಕು ಬ್ಯಾಟರಿ ಊದಿಕೊಂಡಿದ್ದವು. ಒಂದರಲ್ಲಿ ಟಚ್‌ಪ್ಯಾಡ್ ಮೇಲೆದ್ದು ಕ್ಲಿಕ್ಕೇ ಆಗುತ್ತಿರಲಿಲ್ಲ. ಮಕ್ಕಳು ಕೂರುವ ಕೋಣೆಯಲ್ಲೇ ಇವು ಏಳು ತಿಂಗಳು ಇದ್ದವಲ್ಲ ಅಂತ ನೆನೆದು ಎದೆ ಝಲ್ಲೆಂದಿತು. ಲಿಥಿಯಂ ಬ್ಯಾಟರಿ ಹಳೆಯದಾದರೆ ಒಳಗಿನ ದ್ರಾವಣ ಕೆಟ್ಟು ಅನಿಲ ತುಂಬಿಕೊಳ್ಳುತ್ತದೆ. ಒತ್ತಬಾರದು, ಚುಚ್ಚಬಾರದು, ಚಾರ್ಜಿಗೆ ಹಾಕಲೇಬಾರದು. ಲೋಹದ ಸ್ಕ್ರೂಡ್ರೈವರ್ ಬಿಟ್ಟು ಪ್ಲಾಸ್ಟಿಕ್ ಪಟ್ಟಿಯಿಂದ ನಿಧಾನವಾಗಿ ಬಿಡಿಸಿದೆ. ತುದಿಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಲೋಹದ ಡಬ್ಬದಲ್ಲಿ ಹೊರಗಿಟ್ಟೆವು. ಸೋಮವಾರ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಹೋಯಿತು.

ಆರನೇ ವಾರ

ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಲು ಶುರು. ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 2 ಜಿಬಿ ರ‍್ಯಾಮ್ ಇದ್ದರೂ ಏಳುತ್ತದೆ, 4 ಜಿಬಿ ಇದ್ದರೆ ಆರಾಮ. ಜೊತೆಗೆ ಬರೆಯೋಕೆ, ಲೆಕ್ಕಕ್ಕೆ ಲಿಬ್ರೆಆಫೀಸ್, ಚಿಕ್ಕವರಿಗೆ ಆಡುತ್ತಾ ಕಲಿಯುವ ಜಿಕಾಂಪ್ರಿ, ಚಿತ್ರ ಬಿಡಿಸುವ ಟಕ್ಸ್ ಪೇಂಟ್. ಒಂದನ್ನು ಸರಿಯಾಗಿ ಹೊಂದಿಸಿ ಉಳಿದವಕ್ಕೆ ಅದನ್ನೇ ನಕಲು ಮಾಡಿದೆ. ಮೇಡಂ ಕೇಳಿದ 'ಒಂದೇ ಥರ' ಹೀಗೆ ಸಿಕ್ಕಿತು.

ಏಳನೇ ವಾರ

ಒಂದು ತಪ್ಪಾಯಿತು. 12ನೇ ನಂಬರಿನ ಕೀಬೋರ್ಡ್ ತೆಗೆಯುವಾಗ ರಿಬ್ಬನ್ ಕೇಬಲ್ಲಿನ ಕನೆಕ್ಟರ್ ಬೀಗ ಎತ್ತದೆ ಎಳೆದುಬಿಟ್ಟೆ. ಬೆರಳುಗುರಿನಷ್ಟೂ ಇಲ್ಲದ ಕಪ್ಪು ಪ್ಲಾಸ್ಟಿಕ್ ತುಂಡು ಟಕ್ ಅಂತ ಮುರಿಯಿತು. ಇದು ನನ್ನದಲ್ಲ, ಇನ್ನೊಬ್ಬರು ನಂಬಿ ಕೊಟ್ಟದ್ದು ಅನ್ನುವ ಬೇಜಾರು ಎರಡು ದಿನ ಹೋಗಲಿಲ್ಲ. ಮೇಡಂಗೆ ಅವತ್ತೇ ಹೇಳಿದೆ. ಬಿಚ್ಚಲು ಇಟ್ಟಿದ್ದ ಆರರಲ್ಲಿ ಆ ಕನೆಕ್ಟರ್ ಇರುವ, ಅದೇ ಮಾದರಿಯ ಮದರ್‌ಬೋರ್ಡ್ (ಮುಖ್ಯ ಸರ್ಕ್ಯೂಟ್ ಹಲಗೆ) ಒಂದಿತ್ತು. ಹತ್ತನೇ ವಾರ ಅದನ್ನು ಕೂರಿಸಿದೆ.

ಎಂಟನೇ ವಾರ

ದುಡ್ಡಿನ ಮಾತು. ಲ್ಯಾಪ್‌ಟಾಪ್ ಕೊಡುವವರು ಸಿಕ್ಕರು. ಚಾರ್ಜರಿಗೆ, ಬ್ಯಾಟರಿಗೆ, ಎಸ್‌ಎಸ್‌ಡಿಗೆ ಕೊಡುವವರು ಸುಲಭವಾಗಿ ಸಿಗಲಿಲ್ಲ. ಫೋಟೋ ತೆಗೆದು ತೋರಿಸುವಂಥ ವಸ್ತುಗಳಲ್ಲ ಅಲ್ವಾ? ಮೇಡಂ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ಬಂದ ದೇಣಿಗೆಯಲ್ಲಿ ಬಹುಪಾಲು 'ಇದಕ್ಕೇ ಬಳಸಿ' ಅಂತ ಬಂದದ್ದು. ಕರೆಂಟ್ ಬಿಲ್ಲಿಗೆ, ಬಾಡಿಗೆಗೆ, ಪಾಠ ಹೇಳುವವರ ಸಂಬಳಕ್ಕೆ ಅದನ್ನು ಮುಟ್ಟುವ ಹಾಗಿಲ್ಲ.

ಅವತ್ತಿನಿಂದ ತಿಂಗಳಿಗೆ ಇಷ್ಟು ಅಂತ ಕೊಡಲು ಶುರು ಮಾಡಿದ್ದೇನೆ. ದೊಡ್ಡ ಮೊತ್ತವಲ್ಲ. ಯಾವುದಕ್ಕಾದರೂ ಬಳಸಿ ಎಂದು ಬರೆದುಕೊಟ್ಟೆ. ಒಂದೇ ಸಲ ಬರುವ ದೊಡ್ಡ ಮೊತ್ತಕ್ಕಿಂತ ತಿಂಗಳು ತಿಂಗಳು ಬರುವ ಚಿಕ್ಕದು ಅವರಿಗೆ ಜಾಸ್ತಿ ಉಪಯೋಗ, ಮುಂದಿನ ತಿಂಗಳ ಖರ್ಚು ಮೊದಲೇ ಯೋಚಿಸಬಹುದು. ಇಬ್ಬರು ಗೆಳೆಯರನ್ನೂ ಕೇಳಿದೆ. ಒಬ್ಬ ಸೇರಿಕೊಂಡ. ಇನ್ನೊಬ್ಬಳು ದುಡ್ಡಿನ ಬದಲು ಲೆಕ್ಕಪತ್ರ ನೋಡಿಕೊಡ್ತೀನಿ ಅಂದಳು. ಮೇಡಂ ಮುಖ ಅರಳಿದ್ದು ಅದಕ್ಕೇ.

ಹನ್ನೊಂದನೇ ವಾರ

ಕೊಟ್ಟಿದ್ದರಲ್ಲಿ ಒಂದು ವಾಪಸ್ ಬಂತು. ಯಾವ ಪುಟ ತೆರೆದರೂ 'ಸುರಕ್ಷಿತವಲ್ಲ' ಅನ್ನುತ್ತದೆ. ನಾನು ಬ್ರೌಸರ್ ಕೆದಕುತ್ತಾ ಕೂತಿದ್ದೆ. ಪಕ್ಕದಲ್ಲಿ ನಿಂತಿದ್ದ ಹುಡುಗಿ, ಹತ್ತು ವರ್ಷ ಇರಬಹುದು, ಮೂಲೆಯಲ್ಲಿದ್ದ ಗಡಿಯಾರ ತೋರಿಸಿ, "ಅಂಕಲ್, ಇದು ನಾನು ಹುಟ್ಟೋಕೆ ಮುಂಚಿನ ವರ್ಷದಲ್ಲಿದೆ" ಅಂದಳು.

ಅದೇ ಸರಿ. ಒಳಗಿನ ಗುಂಡಿ ಬ್ಯಾಟರಿ ಸತ್ತಿತ್ತು. ಸಿಆರ್2032 ಅಂತ, 20 ಮಿಲಿಮೀಟರ್ ಅಗಲ, 3 ವೋಲ್ಟ್. ಅದು ಹೋದರೆ ಆಫ್ ಮಾಡಿದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತದೆ. ಆಗ ಜಾಲತಾಣ ಅಸಲಿ ಅಂತ ತೋರಿಸುವ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲ ಅಂತ ಬ್ರೌಸರ್ ತಿಳಿಯುತ್ತದೆ. ಹೊಸದನ್ನು ಆ ಹುಡುಗಿಯ ಕೈಯಿಂದಲೇ ಹಾಕಿಸಿದೆ. ಪ್ಲಸ್ ಗುರುತು ಮೇಲೆ ಬರಬೇಕು ಅಂತ ತಾನೇ ನೋಡಿ ಹಾಕಿದಳು. ಮುಂದಿನ ವಾರದಿಂದ ನನ್ನ ಪಕ್ಕ ಅವಳಿಗೊಂದು ಸ್ಟೂಲ್.

ಹದಿನಾಲ್ಕನೇ ವಾರ, ಗುರುವಾರ ರಾತ್ರಿ

ಇಲ್ಲಿತನಕ 14 ಬಳಕೆಗೆ ಹೋಗಿವೆ, ಪ್ರತಿಯೊಂದೂ ಚಾರ್ಜರ್ ಸಮೇತ. ಎರಡಕ್ಕೆ ಇನ್ನೂ ಎಸ್‌ಎಸ್‌ಡಿ ಬರಬೇಕು. ಹದಿನೈದನೆಯದು ನನ್ನ ಮೇಜಿನ ಮೇಲಿದೆ. ಪರದೆ ಮಡಚುವ ಹಿಂಜ್ ಕಿತ್ತು ಬಂದಿತ್ತು. ಸ್ಕ್ರೂ ಕೂರುವ ಹಿತ್ತಾಳೆ ಬಿಲ್ಲೆಗಳನ್ನು ಎಪಾಕ್ಸಿ ಹಾಕಿ ಮತ್ತೆ ಕೂರಿಸಿ, ಕ್ಲಿಪ್ಪಿನಿಂದ ಬಿಗಿದಿಟ್ಟಿದ್ದೇನೆ. ಅಂಟು ಪೂರ್ತಿ ಗಟ್ಟಿಯಾಗಲು 24 ಗಂಟೆ ಬೇಕು. ಶನಿವಾರ ಬೆಳಗ್ಗೆ ಕ್ಲಿಪ್ ತೆಗೆಯುತ್ತೇನೆ. ಸ್ಕ್ರೂ ತಿರುಗಿಸುವುದನ್ನು ಮಾತ್ರ ಸ್ಟೂಲ್ ಮೇಲಿನವಳಿಗೆ ಬಿಟ್ಟಿದ್ದೇನೆ.