ಡೆಡ್‌ಲೈನ್ ಅಂದರೆ ನಿಜಕ್ಕೂ ಒಂದು ಗೆರೆ

ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ "ಡೆಡ್‌ಲೈನ್" ಅಂತೀವಲ್ಲ, ಆ ಪದ ಬಳಕೆಗೆ ಬಂದಿದ್ದು ಅಮೆರಿಕದ ಅಂತರ್ಯುದ್ಧದ ಸೆರೆ ಶಿಬಿರಗಳಲ್ಲಿ.

1864, ಜಾರ್ಜಿಯಾದ ಆಂಡರ್ಸನ್‌ವಿಲ್. ದಕ್ಷಿಣದವರು ಉತ್ತರದ ಸೈನಿಕರನ್ನು ಕೂಡಿಹಾಕಿದ್ದ ಬಯಲಿನ ಸುತ್ತ ಸುಮಾರು 15 ಅಡಿ ಎತ್ತರದ ಪೈನ್ ದಿಮ್ಮಿಗಳ ಗೋಡೆ. ಅದರಿಂದ ಸುಮಾರು 19 ಅಡಿ ಒಳಕ್ಕೆ ಗೂಟ ನೆಟ್ಟು, ಮೇಲೆ ತೆಳ್ಳನೆಯ ಅಡ್ಡಪಟ್ಟಿ ಹೊಡೆದಿದ್ದರು. ಅದೇ ಡೆಡ್‌ಲೈನ್, ಸಾವಿನ ಗೆರೆ: ದಾಟಿದರೆ ಗುಂಡು. ಗೋಡೆಗುಂಟ ಸುಮಾರು 90 ಅಡಿಗೊಂದು ಕಾವಲು ಅಟ್ಟಣಿಗೆ, ಹೊರಗಿನಿಂದ ಏಣಿ, ತಲೆ ಮೇಲೊಂದು ಪುಟ್ಟ ಮಾಡು.

ಅಲ್ಲಿ ಬಂದೂಕು ಹಿಡಿದು ನಿಂತವರು ಯಾರು? ಅನುಭವಿ ಪಡೆಗಳು ರಣರಂಗಕ್ಕೆ ಹೋದ ಮೇಲೆ ಹೆಚ್ಚಿನವರು ಮೀಸಲು ಪಡೆಯವರೇ: 17ರ ಹುಡುಗರು, 45 ದಾಟಿದ ಹಿರಿಯರು. ಆಗಸ್ಟ್ ಹೊತ್ತಿಗೆ ಒಳಗೆ 32,000ಕ್ಕೂ ಹೆಚ್ಚು ಜನ. ಎಣಿಕೆಗೆ 90 ಜನರ ಗುಂಪು, ಅಂಥ ಮೂರು ಸೇರಿ 270ರ ತುಕಡಿ. ಒಬ್ಬ ಕಡಿಮೆಯಾದರೂ ಗುಂಪಿನ ರೇಷನ್ ನಿಲ್ಲಿಸುತ್ತಿದ್ದರು.

ಎಲ್ಲಕ್ಕಿಂತ ಕಾಡೋದು ಶಿಬಿರದೊಳಗೆ ಹರಿಯುತ್ತಿದ್ದ ತೊರೆ. ಕಾವಲುಗಾರರ ಬಿಡಾರ, ಅಡುಗೆಮನೆ ಎರಡೂ ಇದ್ದದ್ದು ತೊರೆಯ ಮೇಲ್ಭಾಗದಲ್ಲಿ. ಅಲ್ಲಿನ ಕೊಳೆ, ಜಿಡ್ಡು ಎಲ್ಲ ಗೋಡೆಯೊಳಕ್ಕೆ ಹರಿದು ಬರುತ್ತಿತ್ತು. ಕೈದಿಗಳು ಕುಡಿಯುತ್ತಿದ್ದದ್ದು ಆ ನೀರನ್ನೇ. ಜೊತೆಗೆ ದಿಂಡು ಸಮೇತ ಬೀಸಿದ, ಜರಡಿ ಕಾಣದ ಮೆಕ್ಕೆಜೋಳದ ಹಿಟ್ಟು. ಕರುಳು ಹೇಗೆ ತಡೆದೀತು? ಭೇದಿ ಹಿಡಿಯಿತು. ತರಕಾರಿ ಇಲ್ಲದೆ ಸ್ಕರ್ವಿ ಬಂತು, ವಸಡು ಕೊಳೆಯಿತು. 14 ತಿಂಗಳಲ್ಲಿ ಸುಮಾರು 13,000 ಸಾವು. ಹೊರಗೆ ಕಾಯುತ್ತಿದ್ದ ಹುಡುಗರನ್ನೂ ರೋಗ ಬಿಡಲಿಲ್ಲ.

ರಾತ್ರಿ ಹೊತ್ತು ಅಟ್ಟಣಿಗೆಯಿಂದ ಅಟ್ಟಣಿಗೆಗೆ ಅವರ ಕೂಗು ಸಾಗುತ್ತಿತ್ತು: ಇಷ್ಟು ಗಂಟೆ, ಎಲ್ಲ ಸರಿಯಾಗಿದೆ.