ಡಬ್ಬದಲ್ಲೇ ಮುದಿಯಾದ ಶೂ

"ನಿಮ್ಮ ಶೂನಿಂದ ಏನೋ ಉದುರ್ತಾ ಇದೆ ನೋಡಿ" ಅಂತ ಹಿಂದಿನಿಂದ ಬರುತ್ತಿದ್ದ ಸಹೋದ್ಯೋಗಿ ಹೇಳಿದರು. ತಿರುಗಿ ನೋಡಿದೆ. ಲಿಫ್ಟಿನ ಬಾಗಿಲಿನಿಂದ ನಾನು ನಿಂತ ಜಾಗದವರೆಗೆ ಬೂದು ಬಣ್ಣದ ಪುಡಿ ಸಾಲಾಗಿ ಬಿದ್ದಿತ್ತು. ಬಗ್ಗಿ ಬಲಗಾಲಿನ ಹಿಮ್ಮಡಿ ಹತ್ತಿರ ಬೆರಳಿಟ್ಟರೆ ಅಟ್ಟೆಯ ಒಳಗೇ ಹೋಯಿತು. ಒಣಗಿದ ಸ್ಪಂಜು ಮುಟ್ಟಿದ ಹಾಗಿತ್ತು.

ಹಳೇ ಶೂ ಆಗಿದ್ದರೆ ಬೇಜಾರಿರಲಿಲ್ಲ. ಕೊಂಡು ಐದು ವರ್ಷ ಆಗಿತ್ತು ನಿಜ, ಆದರೆ ಹಾಕಿಕೊಂಡಿದ್ದು ಹೆಚ್ಚೆಂದರೆ ಎಂಟು ಸಲ. ನನ್ನ ಕೈಗೆ ಮೀರಿದ ದುಡ್ಡು ಕೊಟ್ಟಿದ್ದೆ. ಹಾಗಾಗಿ ಕೊಳೆಯಾಗಬಾರದು, ಸವೆಯಬಾರದು ಅಂತ ಡಬ್ಬದಲ್ಲಿಟ್ಟು, ತೇವ ಹೀರುವ ಸಿಲಿಕಾ ಪೊಟ್ಟಣವನ್ನೂ ಹಾಗೇ ಬಿಟ್ಟು, ಬೀರುವಿನ ಮೇಲೆ ಜೋಪಾನ ಮಾಡಿದ್ದೆ. ಆವತ್ತು ಬೆಳಿಗ್ಗೆ ತಾನೇ ಪ್ರೀತಿಯಿಂದ ಒರೆಸಿ ಹಾಕಿಕೊಂಡಿದ್ದು. ಇಡೀ ದಿನ ಮೇಜಿನ ಕೆಳಗೆ ಕಾಲು ಅಡಗಿಸಿಕೊಂಡು ಕೂತೆ.

ಇದು ಯಾಕಾಗುತ್ತದೆ ಅಂತ ಆಮೇಲೆ ತಿಳಿದುಕೊಂಡೆ. ಅನೇಕ ಶೂಗಳ ನಡುವಿನ ಮೆತ್ತನೆಯ ಪದರ ಪಾಲಿಯುರೆಥೇನ್ ಎಂಬ ನೊರೆ. ಗಾಳಿಯಲ್ಲಿರುವ ತೇವ ಅದರ ಅಣುಗಳ ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತಾ ಹೋಗುತ್ತದೆ. ಶೂ ನಡೆದರೂ ಸರಿ, ಡಬ್ಬದಲ್ಲಿ ಮಲಗಿದರೂ ಸರಿ, ಈ ಕೆಲಸ ನಿಲ್ಲುವುದಿಲ್ಲ. ಹೊರಗಿನಿಂದ ಫಳಫಳ ಅನ್ನುತ್ತಿರುತ್ತದೆ, ಒಳಗೆ ಪುಡಿಯಾಗಿರುತ್ತದೆ. ಇವಿಎ ಅನ್ನುವ ಇನ್ನೊಂದು ನೊರೆಗೆ ಈ ರೋಗ ಇಲ್ಲ. ಅದು ನಡೆದು ನಡೆದು ಚಪ್ಪಟೆಯಾಗುತ್ತದೆ, ಅಷ್ಟೇ.

ಸರಿ, ದಿನಾ ಹಾಕಲು ಒಂದು ಜೊತೆ ಬೇಕೇ ಬೇಕಾಯಿತು. ಈ ಸಲ ಜೇಬಿಗೆ ಹೊಂದುವಂಥದ್ದು. ಅಕ್ಕನ ಮಗಳು ಜೊತೆಗೆ ಬರುತ್ತೇನೆ ಅಂದಳು. ಕಾಲೇಜಿನ ಹುಡುಗಿ, ದುಡ್ಡು ಕಡಿಮೆ, ಅಭಿರುಚಿ ಜಾಸ್ತಿ. ಇಂಥ ಕೆಲಸಕ್ಕೆ ಅಂಥವರೇ ಸರಿ.

"ಸಂಜೆ ಹೋಗೋಣ ಮಾಮ. ಆಫೀಸಿಗೆ ಹಾಕೋ ಸಾಕ್ಸೇ ಹಾಕ್ಕೊಂಡು ಬನ್ನಿ" ಅಂದಳು. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಶೂ ಸಂಜೆ ಹಿಂಡುತ್ತದೆ. ಈ ತಪ್ಪನ್ನು ನಾನು ಎಷ್ಟು ಸಲ ಮಾಡಿದ್ದೇನೋ ಲೆಕ್ಕವಿಲ್ಲ.

ಅಂಗಡಿಯಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ದಪ್ಪ ಅಟ್ಟೆಯ, ನಾಲ್ಕು ಬಣ್ಣದ, ಚರ್ಮದ ಹಾಗೆ ಮಿಂಚುವ ಒಂದು ಜೋಡಿಯ ಮೇಲೆ. ಬೆಲೆ ನೋಡಿದರೆ ನಂಬಲಾರದಷ್ಟು ಕಡಿಮೆ. ಹಾಕಿಕೊಂಡು ನೆಲದ ಹತ್ತಿರವಿದ್ದ ಕನ್ನಡಿಯಲ್ಲಿ ನೋಡಿದೆ. ಚೆನ್ನಾಗೇ ಇತ್ತು! ಅವಳು ಕೈ ಹಿಡಿದು ಎಳೆದುಕೊಂಡು ಹೋಗಿ ಆಳೆತ್ತರದ ಕನ್ನಡಿ ಮುಂದೆ ನಿಲ್ಲಿಸಿದಳು. ನನ್ನ ಬಿಗಿ ಪ್ಯಾಂಟಿನ ಕೆಳಗೆ ಎರಡು ದೋಣಿ ಕಟ್ಟಿದ ಹಾಗೆ ಕಂಡಿತು. ಶೂ ಅಂಗಡಿಯ ಆ ಪುಟ್ಟ ಕನ್ನಡಿ ಮೊಣಕಾಲಿನವರೆಗೆ ಮಾತ್ರ ತೋರಿಸುತ್ತದೆ. ಊರವರು ನಮ್ಮನ್ನು ಪೂರ್ತಿ ನೋಡುತ್ತಾರೆ, ಅಲ್ವಾ?

ಅವಳು ಅದೇ ಶೂವಿನ ಮುಂಭಾಗವನ್ನು ಸ್ವಲ್ಪ ಮಡಚಿದಳು. ಮೇಲಿನ ಹೊದಿಕೆಯಲ್ಲಿ ಬಿಳಿ ಗೀರುಗಳು ಎದ್ದವು. ಅಂಚಿನಲ್ಲಿ ಅಂಟು ಆಚೆ ಬಂದು ಒಣಗಿತ್ತು. ಹೊಲಿಗೆ ಅಂದುಕೊಂಡಿದ್ದು ಹೊಲಿಗೆಯೇ ಅಲ್ಲ, ಅಚ್ಚಿನಲ್ಲಿ ಮೂಡಿಸಿದ ಗೆರೆ. "ಕಮ್ಮಿ ದುಡ್ಡಲ್ಲಿ ದುಬಾರಿ ಶೂ ವೇಷ ಹಾಕಿರೋದನ್ನ ತಗೋಬಾರ್ದು ಮಾಮ. ಕ್ಯಾನ್ವಾಸ್ ನೋಡಿ. ಅದು ಬಟ್ಟೆ, ಬಟ್ಟೆ ಥರಾನೇ ಇರುತ್ತೆ."

ಆ ಮಾತು ನನಗೆ ಹಿಡಿಸಿತು. ಕ್ಯಾನ್ವಾಸ್ ಬಟ್ಟೆ, ರಬ್ಬರ್ ಅಟ್ಟೆ, ಎಂಟು ಹತ್ತು ಲೇಸ್ ತೂತು, ಮುಗಿಯಿತು. ಮೋಸ ಮಾಡಲು ಅದರಲ್ಲಿ ಜಾಗವೇ ಕಡಿಮೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದು ಬಿಸಿಲಿಗೆ ಅಂಟದೆ, ಚಳಿಗೆ ಸಿಡಿಯದೆ ಗಟ್ಟಿಯಾಗುತ್ತದೆ ಅಂತ ಕಂಡುಕೊಂಡ. ಇಂಥ ರಬ್ಬರ್ ಅಟ್ಟೆಯ ಕ್ಯಾನ್ವಾಸ್ ಶೂಗಳಲ್ಲಿ ಹೆಸರಾದ ಕೆಡ್ಸ್ 1916ರಲ್ಲಿ, ಕಾನ್ವರ್ಸ್ ಕಂಪನಿಯ ಆಲ್ ಸ್ಟಾರ್ 1917ರಲ್ಲಿ ಬಂದವು. ಆಲ್ ಸ್ಟಾರ್ ಹುಟ್ಟಿದ್ದು ಬ್ಯಾಸ್ಕೆಟ್‌ಬಾಲ್ ಅಂಗಳಕ್ಕಾಗಿ. ನೂರು ವರ್ಷ ದಾಟಿದರೂ ಅದರ ಆಕಾರ ಈಗಲೂ ಹಳೆಯದು ಅನಿಸುವುದಿಲ್ಲ. ಫ್ಯಾಷನ್ ಅಂದರೆ ದಿನಾ ಬದಲಾಗಬೇಕು ಅಂತ ನಂಬಿದ್ದ ನನಗೆ ಇದೊಂದು ಸೋಜಿಗ.

ಬಣ್ಣದ ಬಗ್ಗೆ ಸಣ್ಣ ಜಗಳವಾಯಿತು. ನನಗೆ ಅಚ್ಚ ಬಿಳಿ ಬೇಕು. ಅವಳು ಕೆನೆ ಬಣ್ಣದ್ದು, ಕಂದು ಅಟ್ಟೆಯದ್ದು ತೋರಿಸಿದಳು. ಅಚ್ಚ ಬಿಳಿ ಮೊದಲ ವಾರ ಮಾತ್ರ ಅಚ್ಚ ಬಿಳಿ. ಕೆನೆ ಬಣ್ಣ ಧೂಳನ್ನು ಮುಚ್ಚುತ್ತದೆ, ನೀಲಿ ಜೀನ್ಸಿಗೂ ಬೂದು ಪ್ಯಾಂಟಿಗೂ ಒಗ್ಗುತ್ತದೆ. ಸೋತೆ.

ಅಳತೆಯಲ್ಲಿ ಮಾತ್ರ ನಾನು ಬಿಡಲಿಲ್ಲ. ನನ್ನ ಎಡಗಾಲು ಬಲಗಾಲಿಗಿಂತ ಕೊಂಚ ಉದ್ದ. ಬಹಳ ಜನರಿಗೆ ಹೀಗೇ ಇರುತ್ತದೆ. ಅಂಗಡಿಯವರು ಮಾತ್ರ ಯಾಕೋ ಯಾವಾಗಲೂ ಬಲಗಾಲಿನದನ್ನೇ ಕೊಡುತ್ತಾರೆ. ಎರಡೂ ಹಾಕಿ, ಲೇಸ್ ಕಟ್ಟಿ, ಎದ್ದು ನಿಂತು ನೋಡಿದೆ. ಬೆರಳುಗಳ ಮುಂದೆ ಹೆಬ್ಬೆರಳಿನಗಲ ಜಾಗ ಬೇಕು. ಎಡಗಾಲಿಗೆ ಇರಲಿಲ್ಲ. "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಸರ್" ಅಂದ ಅಂಗಡಿ ಹುಡುಗ. ಬಟ್ಟೆ ಅಗಲಕ್ಕೆ ಒಂಚೂರು ಹಿಗ್ಗಬಹುದು, ರಬ್ಬರ್ ಅಟ್ಟೆ ಉದ್ದಕ್ಕೆ ಬೆಳೆಯುತ್ತದೆಯೇ? ಅರ್ಧ ಸೈಜ್ ದೊಡ್ಡದು ತರಿಸಿದೆ. ಬ್ರಿಟಿಷ್ ಅಳತೆಯಲ್ಲಿ ಒಂದು ಸೈಜ್ ಅಂದರೆ ಅಂಗುಲದ ಮೂರನೇ ಒಂದು ಭಾಗ, ಅರ್ಧ ಅಂದರೆ ಸುಮಾರು 4 ಮಿಲಿಮೀಟರ್. ಆ 4 ಮಿಲಿಮೀಟರಿಗೆ ನನ್ನ ಉಗುರುಗಳು ಋಣಿ.

ಇನ್ನೊಂದು ಪರೀಕ್ಷೆ ಅವಳೇ ಕಲಿಸಿದಳು. ಶೂವಿನ ತುದಿ ಮತ್ತು ಹಿಮ್ಮಡಿ ಹಿಡಿದು ಒತ್ತಬೇಕು. ಬೆರಳುಗಳ ಬುಡದ ಹತ್ತಿರ, ಪಾದ ಮಡಚುವ ಜಾಗದಲ್ಲೇ ಅದೂ ಮಡಚಬೇಕು. ನಡು ಮಧ್ಯದಲ್ಲಿ ಮಡಚಿಕೊಂಡರೆ ವಾಪಸ್ ಇಟ್ಟುಬಿಡಬೇಕು. ನಮ್ಮದು ಪಾಸಾಯಿತು. ದುಡ್ಡು ಕೊಟ್ಟಾಗ ಹುಡುಗ ಡಬ್ಬ ತಂದ. ಬೇಡ ಅಂದೆ. ಹಾಕಿಕೊಂಡೇ ಮನೆಗೆ ಬಂದೆ.

ಕತೆ ಅಲ್ಲಿಗೆ ಸುಖವಾಗಿ ಮುಗಿಯಲಿಲ್ಲ ಅನ್ನಿ. ಮೂರನೇ ದಿನ ಬಲ ಹಿಮ್ಮಡಿಯಲ್ಲಿ ಬೊಬ್ಬೆ. ಅರ್ಧ ಸೈಜ್ ದೊಡ್ಡದಾಗಿದ್ದರಿಂದ ಆ ಚಿಕ್ಕ ಕಾಲು ಮೇಲೆ ಕೆಳಗೆ ಜಾರುತ್ತಿತ್ತು. ಜೊತೆಗೆ ಒಳಗಿನ ಇನ್‌ಸೋಲ್ ಕಾಗದದಷ್ಟು ತೆಳು, ಸಂಜೆಗೆ ಅಂಗಾಲು ನೋಯುತ್ತಿತ್ತು. ಕಮ್ಮಿ ಬೆಲೆಯ ಶೂನಲ್ಲಿ ದುಡ್ಡು ಉಳಿಸುವುದು ಅಲ್ಲೇ.

ಆಗ ಸತ್ತ ಶೂ ನೆನಪಾಯಿತು. ಎಸೆಯಲು ಮನಸ್ಸು ಬಾರದೆ ಇನ್ನೂ ಡಬ್ಬದಲ್ಲೇ ಇಟ್ಟಿದ್ದೆ. ತೆಗೆದು ನೋಡಿದರೆ ಅಟ್ಟೆ ಇನ್ನಷ್ಟು ಉದುರಿತ್ತು. ಇನ್‌ಸೋಲ್ ಮಾತ್ರ ಹೊಸದರ ಹಾಗೆ ಗಟ್ಟಿಮುಟ್ಟು, ದಪ್ಪ, ಮೆತ್ತನೆ. ಎರಡನ್ನೂ ಎಳೆದು ತೆಗೆದೆ. ಹೊಸ ಶೂನಲ್ಲಿದ್ದ ತೆಳು ಹಾಳೆಯನ್ನು ಇದರ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ತುದಿಯನ್ನು ಕತ್ತರಿಯಿಂದ ಕತ್ತರಿಸಿ ಒಳಗೆ ಕೂರಿಸಿದೆ. ಕಾಲು ಜಾರುವುದು ನಿಂತಿತು.

ಮೊನ್ನೆ ಅಕ್ಕನ ಮಗಳು ಬಂದವಳು ಬಾಗಿಲ ಹತ್ತಿರ ಶೂ ನೋಡಿದಳು. ತುದಿಯಲ್ಲಿ ಕೆಸರಿನ ಕಲೆ, ಲೇಸ್ ಬೂದು ಬಣ್ಣಕ್ಕೆ ತಿರುಗಿತ್ತು. "ಈಗ ಚೆನ್ನಾಗಿ ಕಾಣ್ತಿದೆ ಮಾಮ" ಅಂದಳು.